ಧಾಟಿಯ ಕೆಳಗೆ ಏನಿದೆ? ಸಿನಿಮಾ ವಾದ್ಯವೃಂದದ ಥೀಮ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಜಾನ್ ವಿಲಿಯಮ್ಸ್ ಸಂಗೀತ ಕೊಟ್ಟ 'ಸ್ಟಾರ್ ವಾರ್ಸ್' ಸರಣಿಯ ಮೊದಲ ಮೂರು ಚಿತ್ರಗಳ (1977, 1980, 1983) ಹಿನ್ನೆಲೆ ಸಂಗೀತವನ್ನು ಬಿಡಿಸಿ ನೋಡುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಎಂಟನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಮೂರಕ್ಕೂ ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಪತ್ರ ಬರೆದವರಲ್ಲಿ ಹೆಚ್ಚಿನವರಿಗೆ ಸರಿಗಮದ ಪರಿಚಯ ಇರುವುದರಿಂದ ಸ್ವರಗಳನ್ನು ಹಾಗೆಯೇ ಬರೆಯುತ್ತೇವೆ. ಸ್ವರದ ಹಿಂದೆ ಚುಕ್ಕಿ ಇದ್ದರೆ (.ಧ) ಮಂದ್ರ, ಮುಂದೆ ಗೆರೆ ಇದ್ದರೆ (ಸ') ತಾರ. ಗ2, ಧ1 ಎಂದರೆ ಹಿಂದೂಸ್ತಾನಿಯ ಕೋಮಲ ಗ, ಕೋಮಲ ಧ. ನಿ3 ಎಂದರೆ ಶುದ್ಧ ನಿ.

ಚಿತ್ರವನ್ನು ಮೂರು ಸಲ ನೋಡಿ ಯಾವ ಥೀಮ್ ಎಲ್ಲಿ ಬರುತ್ತದೆ ಎಂದು ಪಟ್ಟಿ ಮಾಡಿದೆ. ಆರು ಪುಟ ತುಂಬಿತು. ಆದರೆ ಅದರಿಂದ ಏನೂ ಹೊರಡಲಿಲ್ಲ. ಎಲ್ಲಿ ತಪ್ಪಿದೆ? (ಧಾರವಾಡ)

ನೀವು ಹೆಸರು ಮಾತ್ರ ಬರೆದುಕೊಂಡಿದ್ದೀರಿ. 'ಇಲ್ಲಿ ಲ್ಯೂಕ್ ಥೀಮ್, ಇಲ್ಲಿ ಲೇಯಾ ಥೀಮ್' ಎಂಬ ಪಟ್ಟಿ ಹಾಜರಿ ಪುಸ್ತಕ ಇದ್ದ ಹಾಗೆ. ಯಾರು ಬಂದರು ಎಂಬುದು ತಿಳಿಯುತ್ತದೆ, ಬಂದು ಏನು ಮಾಡಿದರು ಎಂಬುದು ತಿಳಿಯುವುದಿಲ್ಲ.

ಪ್ರತಿ ಸಾಲಿಗೆ ಏಳು ಮನೆ ಹಾಕಿಕೊಳ್ಳಿ: ಸಮಯ (ಗಂಟೆ, ನಿಮಿಷ, ಸೆಕೆಂಡು), ತೆರೆಯ ಮೇಲೆ ಆ ಕ್ಷಣ ನಡೆಯುತ್ತಿರುವುದು, ಯಾವ ಥೀಮ್, ಅದರಲ್ಲಿ ಎಷ್ಟು ಪಾಲು, ಯಾವ ವಾದ್ಯ, ಆಧಾರ ಶ್ರುತಿ, ಕೊನೆಗೆ ಹೇಗೆ ನಿಂತಿತು. ಇವುಗಳಲ್ಲಿ ಬಹುಪಾಲು ಜನ ಬಿಡುವುದು ನಾಲ್ಕನೆಯದನ್ನು ಮತ್ತು ಏಳನೆಯದನ್ನು. ಹೆಚ್ಚು ವಿಷಯ ಸಿಗುವುದೂ ಅಲ್ಲೇ. ಥೀಮ್ ಪೂರ್ತಿ ಬಂತೇ, ಮೊದಲ ಎರಡು ಸ್ವರ ಕೊಟ್ಟು ಕೈಬಿಟ್ಟಿತೇ? ಸಮಾಧಾನವಾಗಿ ಸ ಮೇಲೆ ಕುಳಿತಿತೇ, ಕತ್ತಿಯಲ್ಲಿ ಕೊಯ್ದ ಹಾಗೆ ನಿಂತಿತೇ, ಇನ್ನೊಂದು ಥೀಮಿನೊಳಗೆ ಕರಗಿತೇ?

ನೋಡುವುದನ್ನೂ ಒಂದು ಕ್ರಮಕ್ಕೆ ತನ್ನಿ. ಮೊದಲ ಸುತ್ತಿನಲ್ಲಿ ಸಂಗೀತ ಶುರುವಾದ ಮತ್ತು ನಿಂತ ಸಮಯ ಮಾತ್ರ, ಬೇರೇನೂ ಬೇಡ. ಎರಡನೆಯ ಸುತ್ತಿನಲ್ಲಿ ತೆರೆಗೆ ಬೆನ್ನು ಹಾಕಿ ಕಿವಿಯಲ್ಲೇ ಥೀಮ್ ಗುರುತಿಸಿ. ಚಿತ್ರ ಕಣ್ಣ ಮುಂದಿದ್ದರೆ ಲ್ಯೂಕ್ ಕಂಡ ಕೂಡಲೇ ಅವನ ಥೀಮ್ ಕೇಳಿಸಿದ ಹಾಗೆ ಅನ್ನಿಸುತ್ತದೆ. ಕಣ್ಣು ಕಿವಿಗೆ ಹೇಳುವ ಈ ಸುಳ್ಳು ತಪ್ಪು ಪಟ್ಟಿಗಳ ದೊಡ್ಡ ಕಾರಣ. ಮೂರನೆಯ ಸುತ್ತಿನಲ್ಲಿ ಉಳಿದ ಮನೆಗಳನ್ನು ತುಂಬಿ. ಎರಡು ಗಂಟೆಯ ಚಿತ್ರವನ್ನು ಒಂದೇ ದಿನ ಮುಗಿಸಲು ಹೋಗಬೇಡಿ. ದಿನಕ್ಕೆ ಇಪ್ಪತ್ತು ನಿಮಿಷದ ಭಾಗ ಸಾಕು. ಕಿವಿ ದಣಿದ ಮೇಲೆ ಬರೆದದ್ದನ್ನು ಮರುದಿನ ಹೊಡೆದುಹಾಕಬೇಕಾಗುತ್ತದೆ.

ಇದಕ್ಕೆ ಸಿ.ಡಿ.ಯನ್ನೋ ಆಲ್ಬಂ ಅನ್ನೋ ನಂಬಬೇಡಿ. 1977ರಲ್ಲಿ ಬಂದ ಎರಡು ಎಲ್‌ಪಿಗಳ ಆಲ್ಬಂನಲ್ಲಿ ಹಾಡುಪಟ್ಟಿ ಚಿತ್ರದ ಕ್ರಮದಲ್ಲಿ ಇಲ್ಲ. ಬೇರೆ ಬೇರೆ ದೃಶ್ಯಗಳ ಸಂಗೀತವನ್ನು ಹೊಲಿದು ಒಂದು ಟ್ರ್ಯಾಕ್ ಮಾಡಿದ್ದೂ ಉಂಟು. ಕೇಳುವುದಕ್ಕೆ ಅದು ಚೆನ್ನ, ಲೆಕ್ಕಕ್ಕೆ ಅಲ್ಲ.

ಡಾರ್ತ್ ವೇಡರ್ ಬರುವಾಗಿನ ಮಾರ್ಚ್ ಅನ್ನು ಪಿಟೀಲಿನಲ್ಲಿ ನುಡಿಸಿ ನೋಡಿದೆ. ಸ್ವರಗಳೆಲ್ಲ ಕೀರವಾಣಿಗೆ ಹೊಂದುತ್ತವೆ. ಹಾಗಾದರೆ ಅದು ಕೀರವಾಣಿ ಎನ್ನಬಹುದೇ? (ಮೈಸೂರು)

ಸ್ವರ ಹೊಂದುತ್ತವೆ, ರಾಗ ಹೊಂದುವುದಿಲ್ಲ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ. ಕರ್ನಾಟಕ ಸಂಗೀತ ಕಲಿತವರು ಸಿನಿಮಾ ವಾದ್ಯವೃಂದದ ಮುಂದೆ ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲ ಸಾಲು:

ಸ ಸ ಸ .ಧ1 ಗ2 | ಸ .ಧ1 ಗ2 ಸ

ಮೊದಲ ಮೂರು ಸ ಒಂದೊಂದು ಅಕ್ಷರ. ನಾಲ್ಕನೆಯ ಅಕ್ಷರದಲ್ಲಿ .ಧ ಮೂರು ಮಾತ್ರೆ, ಗ ಒಂದು ಮಾತ್ರೆ. ಆ ಕುಂಟು ನಡೆಯೇ ಬೂಟಿನ ಸದ್ದು. ಎರಡನ್ನೂ ಸಮ ಮಾಡಿ ಎರಡೆರಡು ಮಾತ್ರೆಗೆ ನುಡಿಸಿ, ಸೈನ್ಯ ಶಾಲೆಯ ಡ್ರಿಲ್ ಆಗಿಬಿಡುತ್ತದೆ. ಎರಡನೆಯ ಸಾಲು ಮೇಲಕ್ಕೆ ಹೋಗುತ್ತದೆ:

ಪ ಪ ಪ ಧ1 ಗ2 | .ನಿ3 .ಧ1 ಗ2 ಸ

ಇಲ್ಲಿಯ ನಿ3 ನೋಡಿಯೇ ನಿಮಗೆ ಕೀರವಾಣಿ ನೆನಪಾಗಿರಬೇಕು. ಆದರೆ ಕೀರವಾಣಿಯಲ್ಲಿ ಕಾಕಲಿ ನಿಷಾದಕ್ಕೆ ಷಡ್ಜದ ಕಡೆ ಸೆಳೆತ ಇರುತ್ತದೆ, ಸ ಕಡೆಗೆ ಹಾತೊರೆಯುತ್ತದೆ. ಇಲ್ಲಿ ಅದು ಸ ಮುಟ್ಟುವುದೇ ಇಲ್ಲ, ತಿರುಗಿ .ಧ ಕಡೆ ಇಳಿಯುತ್ತದೆ. ಏಕೆಂದರೆ ಆ ಹೊತ್ತಿಗೆ ಕೆಳಗೆ ನಡೆಯುತ್ತಿರುವುದೇ ಬೇರೆ.

ಸ ಸ ಸ ನುಡಿಯುವಾಗ ಕೆಳಗಿನ ವಾದ್ಯಗಳು ಹಿಡಿದಿರುವುದು ಸ-ಗ2-ಪ ಎಂಬ ಮೈನರ್ ಕಾರ್ಡ್ (ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು). ನಾಲ್ಕನೆಯ ಅಕ್ಷರಕ್ಕೆ ಬಂದಾಗ ಅವು ಧ1-ನಿ3-ಗ2ಕ್ಕೆ ಜಾರುತ್ತವೆ. ಅದೂ ಮೈನರ್ ಕಾರ್ಡೇ, ಆದರೆ ಧೈವತವನ್ನು ಷಡ್ಜ ಮಾಡಿಕೊಂಡದ್ದು. ಎರಡರ ನಡುವೆ ಗ2 ಕದಲುವುದಿಲ್ಲ. ಸ ಅರ್ಧ ಮೆಟ್ಟಿಲು ಇಳಿದು ನಿ ಆಗುತ್ತದೆ, ಪ ಅರ್ಧ ಮೆಟ್ಟಿಲು ಏರಿ ಧ ಆಗುತ್ತದೆ. ತಂಬೂರಿಯಲ್ಲಿ ನಾವು ಅಲುಗಾಡದ ನೆಲ ಎಂದು ನಂಬಿದ ಸ ಮತ್ತು ಪ ಎರಡೂ ಒಟ್ಟಿಗೆ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಸರಿದ ಹಾಗೆ. ಕೀರವಾಣಿಯಲ್ಲಿ ಆಧಾರ ಷಡ್ಜ ಒಂದೇ. ಇಲ್ಲಿ ಎರಡು ಷಡ್ಜಗಳು ಒಂದೊಂದು ಅಕ್ಷರಕ್ಕೆ ಕುರ್ಚಿ ಬದಲಾಯಿಸುತ್ತವೆ. ಹಾಗಾಗಿಯೇ ಪಾಶ್ಚಾತ್ಯ ಲಿಪಿಯಲ್ಲಿ, ಜಿ ಮೈನರ್‌ನಲ್ಲಿ ಬರೆದಾಗ, ಆ ನಿಷಾದ ಎಫ್ ಶಾರ್ಪ್ ಆಗುವುದಿಲ್ಲ, ಜಿ ಫ್ಲ್ಯಾಟ್ ಆಗುತ್ತದೆ. ಕೀಬೋರ್ಡಿನಲ್ಲಿ ಕೀಲಿ ಒಂದೇ, ಕೆಲಸ ಬೇರೆ.

ಪರೀಕ್ಷೆ ಸುಲಭ. ಎಡಗೈಯಲ್ಲಿ ಎರಡನೆಯ ಕಾರ್ಡಿನ ನಿ3 ತೆಗೆದು ಸ ಇಡಿ, ಅಂದರೆ ಧ1-ಸ-ಗ2. ಈಗ ಅದು ಮೇಜರ್ ಕಾರ್ಡ್. ಬಲಗೈಯ ಮೊದಲ ಸಾಲಿನಲ್ಲಿ ಒಂದು ಸ್ವರವನ್ನೂ ಬದಲಾಯಿಸಬೇಡಿ. ಭಯ ಹೋಗಿ ಗಂಭೀರವಾದ ಮೆರವಣಿಗೆಯಷ್ಟೇ ಉಳಿಯುತ್ತದೆ. ಭಯ ಇದ್ದದ್ದು ಧಾಟಿಯಲ್ಲಿ ಅಲ್ಲ, ಕೆಳಗಿನ ಆ ಒಂದು ಸ್ವರದಲ್ಲಿ.

ಈ ಜೋಡಿ ಕಾರ್ಡ್ ವಿಲಿಯಮ್ಸ್ ಅವರ ಹೊಸ ಸೃಷ್ಟಿಯೇನಲ್ಲ. ರಿಚರ್ಡ್ ವಾಗ್ನರ್ 1869ರಲ್ಲಿ ರಂಗಕ್ಕೆ ಬಂದ ತಮ್ಮ ಆಪೆರಾದಲ್ಲಿ, ತೊಟ್ಟವನ ರೂಪ ಮರೆಸುವ ಒಂದು ಮಾಯಾ ಶಿರಸ್ತ್ರಾಣಕ್ಕೆ ಇದೇ ನಡೆಯನ್ನು ಕೊಟ್ಟಿದ್ದರು. ವೇಡರ್ ತಲೆಯ ಮೇಲೆ ಇರುವುದೂ ಮುಖ ಮರೆಸುವ ಶಿರಸ್ತ್ರಾಣವೇ ಎಂಬುದನ್ನು ನೆನೆದು ನಗು ಬಂದರೆ ತಪ್ಪಿಲ್ಲ. ಆದರೆ 'ಆದ್ದರಿಂದಲೇ ವಿಲಿಯಮ್ಸ್ ಅದನ್ನು ತೆಗೆದುಕೊಂಡರು' ಎಂದು ಬರೆಯಲು ಮಾತ್ರ ಹೋಗಬೇಡಿ. ಹೋಲಿಕೆ ಕಾಣುವುದು ಬೇರೆ, ಉದ್ದೇಶ ಸಾಬೀತಾಗುವುದು ಬೇರೆ.

ಇನ್ನೊಂದು ಮಾತು. ಈ ಮಾರ್ಚ್ 1977ರ ಚಿತ್ರದಲ್ಲಿ ಇಲ್ಲವೇ ಇಲ್ಲ, ಬಂದದ್ದು 1980ರಲ್ಲಿ. ಮೊದಲ ಚಿತ್ರದಲ್ಲೂ ಕೇಳಿದೆ ಎಂದು ಬರೆದವರು ಮೂವರಿದ್ದಾರೆ. ಮೇಲೆ ಹೇಳಿದ ಕಣ್ಣಿನ ಸುಳ್ಳು ಎಂದರೆ ಇದೇ.

ಮುಖ್ಯ ಥೀಮಿನ ತಾಳ ಕೈಗೆ ಸಿಗುತ್ತಿಲ್ಲ. ಎಣಿಸಿದ ಪ್ರತಿ ಸಲ ಒಂದು ಅಕ್ಷರ ಹೆಚ್ಚು ಬರುತ್ತದೆ. (ತುಮಕೂರು)

ನೀವು ಎತ್ತುಗಡೆಯನ್ನೇ ಸಮ ಎಂದು ಹಿಡಿದಿದ್ದೀರಿ. ನಾಲ್ಕು ಅಕ್ಷರದ ಆವರ್ತ. ಥೀಮ್ ಅತೀತದಲ್ಲಿ ಎತ್ತಿಕೊಳ್ಳುತ್ತದೆ: ಹಿಂದಿನ ಆವರ್ತದ ಕೊನೆಯ ಅಕ್ಷರದಲ್ಲಿ ತಿಸ್ರವಾಗಿ .ಪ .ಪ .ಪ, ಆಮೇಲೆ ಸಮದ ಮೇಲೆ ಸ.

ಸ (2) ಪ (2) | ಮಗರಿ (ತಿಸ್ರ, 1) ಸ' (2) ಪ (1) | ಮಗರಿ ಸ' ಪ | ಮಗಮ ರಿ

ಎಲ್ಲ ಶಂಕರಾಭರಣದ ಸ್ವರಗಳೇ. ನಾಲ್ಕನೆಯ ಆವರ್ತ ಸ ಮೇಲೆ ನಿಲ್ಲದೆ ರಿ ಮೇಲೆ ನಿಲ್ಲುವುದನ್ನು ಗಮನಿಸಿ. ಮಾತು ಮುಗಿದಿಲ್ಲ, ಮತ್ತೆ ಎತ್ತಿಕೊಳ್ಳಲೇಬೇಕು. ಚಿತ್ರದ ಉದ್ದಕ್ಕೂ ಈ ಥೀಮಿನ ತಲೆಯನ್ನಷ್ಟೇ, ಅಂದರೆ ಸ-ಪ ನೆಗೆತವನ್ನಷ್ಟೇ ತುಂಡರಿಸಿ ಬಳಸಿದ ಜಾಗಗಳಿವೆ. ನಿಮ್ಮ 'ಎಷ್ಟು ಪಾಲು' ಮನೆಗೆ ಅವು ಬೇಕು.

ಒಬಿ-ವಾನ್ ಸಾಯುವಾಗ ಲೇಯಾಳ ಥೀಮ್ ಏಕೆ? ಸಾಯುತ್ತಿರುವುದು ಮುದುಕ, ಅಳುತ್ತಿರುವುದು ಲ್ಯೂಕ್. ಸಂಗೀತಗಾರರ ತಪ್ಪೇ? (ಬೆಂಗಳೂರು)

ತಪ್ಪಲ್ಲ. 'ಒಂದು ಪಾತ್ರಕ್ಕೆ ಒಂದು ಥೀಮ್' ಎಂಬ ನಮ್ಮ ಎಣಿಕೆ ತಪ್ಪು. ಲೇಯಾಳ ಥೀಮ್ ಮಂದ್ರ ಪಂಚಮದಿಂದ ಗ3ಕ್ಕೆ ಒಂದೇ ನೆಗೆತದಲ್ಲಿ ಏರುತ್ತದೆ. ಮನಸ್ಸು ಬಿರಿಯುವ ಹಾಗೆ ತಂತಿವಾದ್ಯಗಳಲ್ಲಿ ಉಕ್ಕಬಲ್ಲ ಧಾಟಿ ಆ ಚಿತ್ರದ ಥೀಮ್‌ಗಳಲ್ಲಿ ಅದೇ. ಆ ಕ್ಷಣಕ್ಕೆ ಬೇಕಾದದ್ದು ಆ ಉಕ್ಕು, ಹೆಸರು ಅಲ್ಲ. ಥೀಮ್ ಕೆಲವೊಮ್ಮೆ ಪಾತ್ರವನ್ನು ತೋರಿಸುತ್ತದೆ, ಕೆಲವೊಮ್ಮೆ ಭಾವವನ್ನಷ್ಟೇ. ಕೋಷ್ಟಕದಲ್ಲಿ 'ಲೇಯಾ ತೆರೆಯ ಮೇಲೆ ಮುಖ್ಯವಲ್ಲ' ಎಂದು ಗುರುತು ಹಾಕಿ ಮುಂದೆ ಹೋಗಿ. ಅರ್ಥ ಹೊಂದಿಸಲು ಕಥೆ ಕಟ್ಟಬೇಡಿ.

ಹೆಸರುಗಳೂ ಸ್ಥಿರವಲ್ಲ. ಇಂದು ಎಲ್ಲರೂ 'ಫೋರ್ಸ್ ಥೀಮ್' ಎನ್ನುವುದನ್ನು 1977ರಲ್ಲಿ ಬೆನ್ ಕೆನೋಬಿ ಅಂದರೆ ಒಬಿ-ವಾನ್ ಥೀಮ್ ಎಂದೇ ಪರಿಚಯಿಸಲಾಗಿತ್ತು. ಮುಂದಿನ ಚಿತ್ರಗಳಲ್ಲಿ ಅದು ಅವನನ್ನು ದಾಟಿ ಬೆಳೆಯಿತು. ಆದ್ದರಿಂದ ಎರಡನೆಯ ಸುತ್ತಿನಲ್ಲಿ ಹೆಸರಿಡಲೇ ಬೇಡಿ. ಥೀಮ್ ಅ, ಥೀಮ್ ಆ ಎಂದು ಬರೆದುಕೊಂಡು, ಕೋಷ್ಟಕ ಮುಗಿದ ಮೇಲೆ ಹೆಸರು ಕೊಡಿ.

ಆ ಫೋರ್ಸ್ ಥೀಮಿನ ಆರಂಭವನ್ನೇ ನೋಡಿ: .ಪ ಸ ರಿ2 ಗ2 ಮ1 ಗ2 .ಪ. ಈ ಸಾಲಿನಲ್ಲಿ ಧೈವತವೇ ಇಲ್ಲ. ಇದು ನಠಭೈರವಿಯೋ ಖರಹರಪ್ರಿಯವೋ ಎಂದು ಸಾಲು ಹೇಳುವುದಿಲ್ಲ. ಕೆಳಗೆ ಬರುವ ಮಧ್ಯಮದ ಕಾರ್ಡ್ ಮೇಜರ್ (ಮ1-ಧ2-ಸ) ಆದ್ದರಿಂದ ಚತುಶ್ರುತಿ ಧೈವತ ಅಲ್ಲಿಂದ ಒಳಗೆ ಬರುತ್ತದೆ. ಎರಡು ಸೂರ್ಯರು ಮುಳುಗುವ ದೃಶ್ಯದಲ್ಲಿ ವಿಷಾದದ ಒಳಗೇ ಒಂದು ಬೆಳಕು ಇದೆ ಅನ್ನಿಸುವುದಕ್ಕೆ ಆ ಧೈವತ ಕಾರಣ. ಹಾಡುವವರ ಕಿವಿ ಮೇಲಿನ ಸಾಲಿಗೆ ಅಂಟಿಕೊಂಡಿರುತ್ತದೆ. ಬೇಸ್ ಕೇಳಿಸಿಕೊಳ್ಳಲು ಹೆಡ್‌ಫೋನ್ ಬೇಕೇ ಬೇಕು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಡಬಲ್ ಬೇಸ್‌ನ ಕೆಳ ಸ್ವರಗಳು ಹೊರಡುವುದೇ ಇಲ್ಲ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಲೋ-ಪಾಸ್ ಫಿಲ್ಟರ್ (ಕೆಳ ಸ್ವರಗಳನ್ನಷ್ಟೇ ಉಳಿಸುವ ಸೋಸುಕ) ಅನ್ನು 200 ಹರ್ಟ್ಸ್‌ಗೆ ಇಟ್ಟು ನಾಲ್ಕೈದು ಸಲ ಕೇಳಿ, ಆ ಸಾಲನ್ನು ಬಾಯಲ್ಲಿ ಹಾಡಿ, ಆಮೇಲೆ ಫಿಲ್ಟರ್ ತೆಗೆಯಿರಿ. 5.1 ಧ್ವನಿ ಇದ್ದರೆ ಎಡ ಮತ್ತು ಬಲ ಚಾನೆಲ್ ಮಾತ್ರ ಇಟ್ಟುಕೊಳ್ಳಿ. ಸಂಭಾಷಣೆ ಸಾಮಾನ್ಯವಾಗಿ ನಡುವಿನ ಚಾನೆಲ್‌ನಲ್ಲಿರುತ್ತದೆ, ಅರ್ಧ ಗದ್ದಲ ಅಲ್ಲೇ ಕಳೆಯುತ್ತದೆ.

ನನ್ನ ಹಳೆಯ ಡಿವಿಡಿಯಲ್ಲಿ ಮುಖ್ಯ ಥೀಮ್ ಬಿ ಫ್ಲ್ಯಾಟ್‌ಗೂ ಬಿ ಸ್ವರಕ್ಕೂ ನಡುವೆ ಎಲ್ಲೋ ಇದೆ. ಕೀಬೋರ್ಡಿಗೆ ಹೊಂದುವುದಿಲ್ಲ. ಆರ್ಕೆಸ್ಟ್ರಾ ಶ್ರುತಿ ತಪ್ಪಿದೆಯೇ? (ಮಂಗಳೂರು)

ಆರ್ಕೆಸ್ಟ್ರಾ ಸರಿಯಾಗಿದೆ, ಡಿವಿಡಿ ಓಡುತ್ತಿದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ನಮ್ಮ ದೇಶದ ಪಾಲ್ ಪದ್ಧತಿಯ ಟಿವಿ ಸೆಕೆಂಡಿಗೆ 25. ಹಳೆಯ ಪಾಲ್ ಡಿವಿಡಿಗಳಲ್ಲಿ 24ರ ಚಿತ್ರವನ್ನು 25ರಲ್ಲಿ ಓಡಿಸಿಬಿಡುತ್ತಿದ್ದರು. ವೇಗ ಶೇ. 4ರಷ್ಟು ಹೆಚ್ಚುತ್ತದೆ, ಶ್ರುತಿ ಸುಮಾರು 70 ಸೆಂಟ್ ಏರುತ್ತದೆ. ಅರ್ಧ ಮೆಟ್ಟಿಲು ಎಂದರೆ 100 ಸೆಂಟ್, ಹಾಗಾಗಿ ಬಿ ಫ್ಲ್ಯಾಟ್ ಅನ್ನುವುದು ಬಿ ಕಡೆಗೆ ಮುಕ್ಕಾಲು ದಾರಿ ಹೋಗಿರುತ್ತದೆ. ಚಿತ್ರದ ಅವಧಿ ನೋಡಿದರೆ ಗುಟ್ಟು ರಟ್ಟು: 121 ನಿಮಿಷದ ಚಿತ್ರ 116 ನಿಮಿಷಕ್ಕೆ ಮುಗಿಯುತ್ತದೆ.

ಧ್ವನಿಯನ್ನು ಆಡಾಸಿಟಿಗೆ ತಂದು 'ಚೇಂಜ್ ಸ್ಪೀಡ್' ಅಡಿಯಲ್ಲಿ 0.96 ಕೊಡಿ. 'ಚೇಂಜ್ ಟೆಂಪೊ' ಒತ್ತಬೇಡಿ, ಅದು ಶ್ರುತಿಯನ್ನು ಹಾಗೇ ಬಿಟ್ಟು ವೇಗವನ್ನಷ್ಟೇ ಇಳಿಸುತ್ತದೆ. ನೀವು ಬರೆದಿಟ್ಟ ಸಮಯಗಳನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿ. ಬ್ಲೂ-ರೇಯಲ್ಲಿ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಡಿವಿಡಿಗಳಲ್ಲಿ ಶ್ರುತಿಯನ್ನು ಸರಿಪಡಿಸಿ ವೇಗವನ್ನು ಹಾಗೇ ಬಿಟ್ಟಿರುತ್ತಾರೆ. ಆಗ ಮಾತ್ರ ಟೆಂಪೊ ಬದಲಿಸಿ.

ಮುದ್ರಿತ ಫುಲ್ ಸ್ಕೋರ್ (ಎಲ್ಲ ವಾದ್ಯಗಳ ಸ್ವರಲಿಪಿ) ತರಿಸಿದೆ. ಹಾರ್ನ್ ಸಾಲನ್ನು ಕೀಬೋರ್ಡಿನಲ್ಲಿ ನುಡಿಸಿದರೆ ಬೇರೆ ವಾದ್ಯಗಳೊಂದಿಗೆ ಜಗಳವಾಡುತ್ತದೆ. (ಶಿವಮೊಗ್ಗ)

ಹಾರ್ನ್ ಬರೆದದ್ದಕ್ಕಿಂತ ಐದು ಸ್ವರ ಕೆಳಗೆ ನುಡಿಯುತ್ತದೆ: ಬರೆದದ್ದು ಪ, ಕೇಳುವುದು ಸ. ಬಿ ಫ್ಲ್ಯಾಟ್ ಕ್ಲಾರಿನೆಟ್ ಒಂದು ಪೂರ್ಣ ಮೆಟ್ಟಿಲು ಕೆಳಗೆ, ಡಬಲ್ ಬೇಸ್ ಒಂದು ಸ್ಥಾಯಿ ಕೆಳಗೆ, ಪಿಕೊಲೊ ಮತ್ತು ಚೆಲೆಸ್ಟಾ ಒಂದು ಸ್ಥಾಯಿ ಮೇಲೆ, ಗ್ಲಾಕೆನ್‌ಸ್ಪೀಲ್ ಎರಡು ಸ್ಥಾಯಿ ಮೇಲೆ. ಮೊದಲ ಪುಟದಲ್ಲಿ ವಾದ್ಯದ ಹೆಸರಿನ ಪಕ್ಕ 'ಇನ್ ಎಫ್' ಎಂದಿದೆಯೇ ನೋಡಿ. ಸ್ಕೋರ್ ಇನ್ ಸಿ ಎಂದಿದ್ದರೆ ಹಾರ್ನ್, ಕ್ಲಾರಿನೆಟ್‌ಗಳಿಗೆ ಈ ಲೆಕ್ಕ ಬೇಡ, ಆದರೆ ಸ್ಥಾಯಿಯ ಲೆಕ್ಕ ಆಗಲೂ ಉಳಿಯುತ್ತದೆ. ಇನ್ನು, ನಿಮ್ಮ ಕೈಯಲ್ಲಿರುವುದು ಸಭೆಯಲ್ಲಿ ನುಡಿಸಲು ಸಿದ್ಧಪಡಿಸಿದ ರೂಪ. ಅದರಲ್ಲಿ ಇದ್ದ ಮಾತ್ರಕ್ಕೆ ಚಿತ್ರದಲ್ಲಿ ಇದೆ ಎಂದು ತಿಳಿಯಬೇಡಿ.

1999ರ ಚಿತ್ರದಲ್ಲಿ ಬಾಲಕ ಅನಾಕಿನ್‌ನ ಥೀಮಿನೊಳಗೆ ವೇಡರ್ ಮಾರ್ಚ್ ಅಡಗಿದೆ ಎಂದು ಮಗಳು ವಾದಿಸುತ್ತಾಳೆ. ನನಗೆ ಕೇಳುತ್ತಿಲ್ಲ. ಹೀಗೆ ಹುಡುಕುತ್ತ ಹೋದರೆ ಎಲ್ಲದರೊಳಗೂ ಎಲ್ಲವೂ ಸಿಗುವುದಿಲ್ಲವೇ? (ನ್ಯೂಜೆರ್ಸಿ)

ಮಗಳು ಹೇಳಿದ್ದು ನಿಜ. ಆ ಥೀಮಿನ ಪೂರ್ಣ ರೂಪದ ಕೊನೆಯ ಭಾಗಕ್ಕೆ ನೇರ ಹೋಗಿ. ಮಾರ್ಚಿನ ತುಣುಕು ಅಲ್ಲಿ ಮೆಲ್ಲಗೆ ಇಣುಕುತ್ತದೆ. ಬೂಟಿನ ಸದ್ದಿಲ್ಲ, ಗಟ್ಟಿ ಹಿತ್ತಾಳೆ ವಾದ್ಯಗಳಿಲ್ಲ. ಹುಡುಗ ಮುಂದೆ ವೇಡರ್ ಆಗುತ್ತಾನೆ ಎಂದು ಪ್ರೇಕ್ಷಕರಿಗೆ ಹತ್ತೊಂಬತ್ತು ವರ್ಷ ಮೊದಲೇ ಗೊತ್ತಿತ್ತು, ಹಾಗಾಗಿ ವಿಲಿಯಮ್ಸ್ ಬೆಳೆದ ಮರದಿಂದ ಬೀಜಕ್ಕೆ ಹಿಮ್ಮುಖವಾಗಿ ಬರೆದರು. ಅದೇ ಚಿತ್ರದ ಕೊನೆಯ ವಿಜಯೋತ್ಸವದಲ್ಲಿ ಮಕ್ಕಳ ದನಿಗಳು ಹಾಡುವ ಖುಷಿಯ ಧಾಟಿಯನ್ನೂ ಕೇಳಿ. 1983ರಲ್ಲಿ ಗಂಡು ದನಿಗಳು ಕೆಳ ಸ್ಥಾಯಿಯಲ್ಲಿ ಗುನುಗಿದ ಚಕ್ರವರ್ತಿಯ ಥೀಮನ್ನೇ ಮೇಜರ್‌ಗೆ ತಿರುಗಿಸಿ ವೇಗ ಹೆಚ್ಚಿಸಿದ ಹಾಗಿದೆ. ಗೆದ್ದವರು ಯಾರು ಎಂದು ಕುಣಿಯುವವರಿಗೆ ಗೊತ್ತಿಲ್ಲ.

ನಿಮ್ಮ ಅನುಮಾನಕ್ಕೂ ಬೆಲೆಯಿದೆ. ಬಂಧುತ್ವ ಒಪ್ಪುವ ಮೊದಲು ಮೂರನ್ನು ತಾಳೆ ನೋಡಿ: ಸ್ವರಗಳ ಕ್ರಮ, ಅವುಗಳ ಕಾಲಪ್ರಮಾಣ, ಕೆಳಗಿನ ಕಾರ್ಡ್. ಮೂರರಲ್ಲಿ ಎರಡಾದರೂ ಒಂದೇ ಆಗಿರಬೇಕು, ಜೊತೆಗೆ ಕಥೆಯಲ್ಲಿ ಕಾರಣ ಇರಬೇಕು. ಒಂದೇ ಹೊಂದಿದರೆ ಆಕಸ್ಮಿಕ ಎಂದು ಬದಿಗಿಡಿ. ಲೇಯಾಳ ಥೀಮ್ (1977) ಮತ್ತು ಹ್ಯಾನ್-ಲೇಯಾ ಪ್ರೇಮದ ಥೀಮ್ (1980) ಎರಡೂ ಮೇಜರ್ ಆರನೆಯ ನೆಗೆತದಿಂದಲೇ ಶುರುವಾಗುತ್ತವೆ. ಅಲ್ಲಿ ಪಾತ್ರ ಒಂದೇ ಆದ್ದರಿಂದ ಸಂಬಂಧ ಹೇಳಬಹುದು. ಆದರೆ ಆ ನೆಗೆತ ಪ್ರಪಂಚದ ಅರ್ಧ ಪ್ರೇಮಗೀತೆಗಳಲ್ಲಿದೆ. ಅದೊಂದನ್ನೇ ಹಿಡಿದು ಬೇರೆ ಚಿತ್ರಕ್ಕೆ ನಂಟು ಹಾಕಲು ಹೊರಟರೆ ನಿಮ್ಮ ಮಾತು ನಿಜವಾಗುತ್ತದೆ, ಎಲ್ಲದರೊಳಗೂ ಎಲ್ಲವೂ ಸಿಗುತ್ತದೆ.

ಅನಾಕಿನ್ ಥೀಮ್ ಕೇಳಿದ ಮೇಲೆ 1983ರ ಚಿತ್ರದಲ್ಲಿ ವೇಡರ್ ಸಾಯುವ ದೃಶ್ಯವನ್ನು ಹಾಕಿಕೊಳ್ಳಿ. ಅದೇ ಮಾರ್ಚ್, ಸದ್ದಡಗಿ, ಮರವಾದ್ಯ ಮತ್ತು ಹಾರ್ನ್‌ಗಳಲ್ಲಿ ಚದುರಿ, ಕೊನೆಗೆ ಹಾರ್ಪಿನ ಬಿಡಿ ಸ್ವರಗಳಲ್ಲಿ ಮುಗಿಯುತ್ತದೆ. ಇಬ್ಬರೂ ಒಟ್ಟಿಗೆ ಕುಳಿತು ಏಳು ಮನೆ ತುಂಬಿ ನೋಡಿ. 'ಯಾವ ಥೀಮ್' ಎಂಬ ಮನೆ ಮೊದಲಿನದೇ, ಉಳಿದವುಗಳಲ್ಲಿ ಹೆಚ್ಚಿನವು ಬೇರೆ.

ಸಂಗೀತ ಇಲ್ಲದ ಜಾಗಗಳನ್ನೂ ಕೋಷ್ಟಕದಲ್ಲಿ ಬರೆಯಬೇಕೇ? (ಉಡುಪಿ)

ಬರೆಯಬೇಕು. ಮೊದಲ ಸುತ್ತಿನಲ್ಲಿ ಶುರು-ನಿಲುಗಡೆ ಸಮಯ ಹಾಕಿಕೊಳ್ಳಿ ಎಂದದ್ದು ಅದಕ್ಕೇ. ಇದಕ್ಕೆ ಉತ್ತಮ ಪಾಠ ವಿಲಿಯಮ್ಸ್ ಅವರ ಇನ್ನೊಂದು ಕೃತಿ, 1975ರ 'ಜಾಸ್'. ಶಾರ್ಕಿನ ಥೀಮಿನ ಬೇರು ಅರ್ಧ ಮೆಟ್ಟಿಲು ದೂರದ ಎರಡೇ ಸ್ವರ, ಸ ಮತ್ತು ರಿ1. ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಹೊತ್ತು ಜನರನ್ನು ಬೆದರಿಸುವ ದೃಶ್ಯದಲ್ಲಿ ಕಡಲತೀರವೆಲ್ಲ ಕಿರುಚಿ ಓಡುತ್ತದೆ, ಆದರೆ ಆ ಎರಡು ಸ್ವರ ಬರುವುದಿಲ್ಲ. ಶಾರ್ಕ್ ಇಲ್ಲ, ಥೀಮೂ ಇಲ್ಲ. ಸಂಗೀತ ನಮಗೆ ನಿಜವನ್ನೇ ಹೇಳುತ್ತಿದೆ. ಹೀಗೆ ನಂಬಿಸಿದ ಮೇಲೆ, ದೋಣಿಯ ಅಂಚಿನಲ್ಲಿ ಪೊಲೀಸ್ ಅಧಿಕಾರಿ ಮೀನಿಗೆ ಆಹಾರ ಎರಚುತ್ತ ಗೊಣಗುತ್ತಿರುವಾಗ ಶಾರ್ಕ್ ಒಮ್ಮೆಗೇ ತಲೆ ಎತ್ತುತ್ತದೆ. ಅಲ್ಲೂ ಮುನ್ಸೂಚನೆಯ ಸ್ವರಗಳಿಲ್ಲ. ಎರಡೂ ಸಾಲುಗಳಲ್ಲಿ 'ಯಾವ ಥೀಮ್' ಎಂಬ ಮನೆ ಖಾಲಿ. ಅಲ್ಲಿ ಗೆರೆ ಎಳೆದು ಬಿಡಬೇಡಿ, 'ಬರಬೇಕಿತ್ತು, ಬರಲಿಲ್ಲ' ಎಂದು ಬರೆಯಿರಿ.